ಎಲ್ಲರಿಗೂ ಡೈಮಾಕ್ಸ್ ಕೊಡಲೇ? ಚಾರ್‌ಧಾಮ್ ಟೂರ್ ಮ್ಯಾನೇಜರ್ ಒಬ್ಬರ ಪ್ರಶ್ನೆ

ಪ್ರಶ್ನೆ: ನಾನು ದಾವಣಗೆರೆಯವನು. ಹನ್ನೊಂದು ವರ್ಷದಿಂದ ಟೂರ್ ಮ್ಯಾನೇಜರ್ ಕೆಲಸ ಮಾಡುತ್ತಿದ್ದೇನೆ. ಮೇ-ಜೂನ್‌ನಲ್ಲಿ ಮೂರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಎರಡು, ಹೀಗೆ ವರ್ಷಕ್ಕೆ ಐದು ಸಲ ಚಾರ್‌ಧಾಮ್‌ಗೆ ಗ್ರೂಪ್ ಕರೆದುಕೊಂಡು ಹೋಗುತ್ತೇನೆ. ಒಂದು ಗ್ರೂಪ್ ಅಂದರೆ 35 ಜನ, ಅದರಲ್ಲಿ ಮುಕ್ಕಾಲು ಪಾಲು ಅರವತ್ತು ದಾಟಿದವರು. ಕಳೆದ ವರ್ಷ ಕೇದಾರದಲ್ಲಿ ರಾತ್ರಿ ತಂಗಿದ್ದಾಗ 64 ವರ್ಷದ ಅಮ್ಮ ಒಬ್ಬರಿಗೆ ತಲೆನೋವು, ವಾಂತಿ ಶುರುವಾಯಿತು. ಜೊತೆಯವರು ‘ಗ್ಯಾಸ್ ಇರಬೇಕು’ ಎಂದು ಓಮಿನಕಾಳು ಕೊಟ್ಟು ಮಲಗಿಸಿದರು. ಬೆಳಗ್ಗೆ ಎದ್ದರೆ ಕುಡಿದವರ ಹಾಗೆ ಓಲಾಡುತ್ತಿದ್ದರು. ಡೋಲಿಯಲ್ಲಿ ಇಳಿಸಿದೆವು. ಕೇದಾರದ ಕಾಲುದಾರಿ ಶುರುವಾಗುವ ಗೌರಿಕುಂಡ ಬರುವಷ್ಟರಲ್ಲಿ ಅರ್ಧ ಸುಧಾರಿಸಿದ್ದರು. ಅಂದಿನಿಂದ ನನಗೆ ಕೇದಾರದ ರಾತ್ರಿ ಎಂದರೆ ನಿದ್ದೆ ಇಲ್ಲ. ಈ ಸಲ ಎಲ್ಲರಿಗೂ ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ಕೊಟ್ಟುಬಿಡಲೇ? ಕರ್ಪೂರ, ಆಕ್ಸಿಜನ್ ಕ್ಯಾನ್ ಎಷ್ಟು ಉಪಯೋಗ? ನಮ್ಮ ಮಾಲೀಕರು ಎರಡು ದಿನ ಉಳಿತಾಯ ಮಾಡಲು ಗುಪ್ತಕಾಶಿ ಕಡೆಯಿಂದ ಹೆಲಿಕಾಪ್ಟರ್‌ನಲ್ಲಿ ಒಯ್ದು ರಾತ್ರಿ ಮೇಲೆಯೇ ಉಳಿಸೋಣ ಎನ್ನುತ್ತಾರೆ, ಅದು ಸರಿಯೇ? ಇನ್ನೊಂದು, ನನಗೇ ಇತ್ತೀಚೆಗೆ ಸೀಸನ್ ಪೂರ್ತಿ ತಲೆನೋವು. ದಿನಾ ಒಂದು ನೋವಿನ ಮಾತ್ರೆ ನುಂಗಿ ಓಡಾಡುತ್ತೇನೆ. ಇಷ್ಟು ವರ್ಷ ಹೋಗಿ ಬಂದವನಿಗೆ ಎತ್ತರ ಒಗ್ಗಿರಬೇಕಲ್ಲವೇ?

ಉತ್ತರ: ಪ್ರಶ್ನೆ ನಾಲ್ಕಿದ್ದರೂ ನಿಮ್ಮ ಆತಂಕ ಒಂದೇ: 35 ಜನರಲ್ಲಿ ಯಾರಿಗೆ ಅಪಾಯ ಬರುತ್ತಿದೆ ಎಂದು ವೈದ್ಯನಲ್ಲದ ನಾನು ಸಮಯಕ್ಕೆ ಸರಿಯಾಗಿ ಹೇಗೆ ಗುರುತಿಸಲಿ? ಇದಕ್ಕೆ ಮಾತ್ರೆಯ ಡಬ್ಬಿಯಲ್ಲಿ ಉತ್ತರವಿಲ್ಲ. ಯಾವ ಊರಿನಲ್ಲಿ ರಾತ್ರಿ ತಂಗುತ್ತೀರಿ, ರಾತ್ರಿ ಎಂಟು ಗಂಟೆಗೆ ಏನು ನೋಡುತ್ತೀರಿ, ‘ಇವರು ಇಳಿಯಬೇಕು’ ಎಂದು ಹೇಳುವ ಅಧಿಕಾರ ನಿಮಗಿದೆಯೇ, ಈ ಮೂರರಲ್ಲಿ ಇದೆ.

ಮೊದಲು ಆ ಅಮ್ಮನ ವಿಷಯ. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು. ಆದರೆ ಎತ್ತರದಲ್ಲಿ ತಲೆನೋವು, ವಾಂತಿ, ಮರುದಿನ ನಡಿಗೆಯಲ್ಲಿ ಓಲಾಟ, ಇಳಿಯುತ್ತಿದ್ದಂತೆ ಸುಧಾರಣೆ, ಇಷ್ಟೂ ಒಟ್ಟಿಗೆ ಬಂದರೆ ಮಿದುಳಿನಲ್ಲಿ ಊತ ಶುರುವಾಗಿತ್ತೆಂದೇ ತಿಳಿಯಬೇಕು. ನೀವು ಇಳಿಸಿದ್ದು ಸರಿ. ಇನ್ನೊಂದು ದರ್ಶನ ಆಗಲಿ ಎಂದು ಮಧ್ಯಾಹ್ನದವರೆಗೆ ಕಾದಿದ್ದರೆ ಜೀವಕ್ಕೇ ಅಪಾಯವಿತ್ತು.

ಎತ್ತರದಲ್ಲಿ ಆಗುವುದೇನು? ಗಾಳಿಯಲ್ಲಿ ಆಮ್ಲಜನಕದ ಪಾಲು ಕೇದಾರದಲ್ಲೂ ದಾವಣಗೆರೆಯಲ್ಲೂ ಒಂದೇ, ಸುಮಾರು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಕೇದಾರ 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದ ಮೂರರಲ್ಲಿ ಎರಡು ಪಾಲು. ದೇಹ ಇದನ್ನು ಸರಿದೂಗಿಸಲು ಬೇಗ ಬೇಗ ಉಸಿರಾಡುತ್ತದೆ. ಬೇಗ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ, ಆಗ ಮಿದುಳು ‘ಸಾಕು, ನಿಧಾನಿಸು’ ಎಂದು ಉಸಿರನ್ನು ಹಿಡಿಯುತ್ತದೆ. ಹಗಲಿನಲ್ಲಿ ಓಡಾಡುವಾಗ ಹೇಗೋ ನಡೆಯುತ್ತದೆ, ನಿದ್ದೆಯಲ್ಲಿ ಉಸಿರು ಇನ್ನೂ ಇಳಿದು ರಕ್ತದ ಆಮ್ಲಜನಕ ಕುಸಿಯುತ್ತದೆ. ಮೂತ್ರಪಿಂಡಗಳು ಈ ಕ್ಷಾರವನ್ನು ಹೊರಹಾಕಿ ಸಮತೋಲನ ತರಲು ಎರಡು ಮೂರು ದಿನ ಬೇಕು. ಹಗಲು ಎಷ್ಟು ಎತ್ತರ ಹತ್ತಿದಿರಿ ಎನ್ನುವುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎನ್ನುವುದು ಮುಖ್ಯವಾಗುವುದು ಈ ಕಾರಣಕ್ಕೆ.

ಇದರ ಬೆಳಕಿನಲ್ಲಿ ಮಾಮೂಲಿ ಪ್ಯಾಕೇಜನ್ನು ನೋಡಿ. ರಾತ್ರಿ ತಂಗುವ ಊರುಗಳ ಎತ್ತರ: ಹರಿದ್ವಾರ 314 ಮೀಟರ್, ಬಡ್‌ಕೋಟ್ ಸುಮಾರು 1,220, ಉತ್ತರಕಾಶಿ 1,158, ಗುಪ್ತಕಾಶಿ 1,319. ಯಮುನೋತ್ರಿ, ಗಂಗೋತ್ರಿ ಎರಡೂ 3,000 ಮೀಟರ್ ಮೇಲಿದ್ದರೂ ದರ್ಶನ ಮುಗಿಸಿ ಕೆಳಗೆ ಬಂದು ಮಲಗುತ್ತೀರಿ. ಹೀಗಾಗಿ ಅಲ್ಲಿ ತೊಂದರೆ ಕಾಣುವುದು ಕಡಿಮೆ, ಹಾಗೆಯೇ ದೇಹಕ್ಕೆ ಅಭ್ಯಾಸವೂ ಆಗುವುದಿಲ್ಲ. ಆಮೇಲೆ 1,319ರಲ್ಲಿ ಮಲಗಿ ಎದ್ದವರು ಮರುರಾತ್ರಿ ನೇರ 3,583ರಲ್ಲಿ ಮಲಗುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಎನ್ನುವುದು ಪರ್ವತ ವೈದ್ಯಕೀಯದ ನಿಯಮ. ನಿಮ್ಮ ಪ್ಯಾಕೇಜ್‌ನಲ್ಲಿ ಒಂದೇ ದಿನದಲ್ಲಿ 2,264 ಮೀಟರ್ ಏರಿಕೆ.

ಹೆಚ್ಚು ಖರ್ಚಿಲ್ಲದೆ ಇದನ್ನು ತಿದ್ದಬಹುದು. ಯಮುನೋತ್ರಿಗೆ ಬಡ್‌ಕೋಟ್ ಬದಲು ಜಾನಕಿ ಚಟ್ಟಿಯಲ್ಲಿ (ಸುಮಾರು 2,650 ಮೀ.) ಒಂದು ರಾತ್ರಿ, ಗಂಗೋತ್ರಿಗೆ ಉತ್ತರಕಾಶಿ ಬದಲು ಹರ್ಸಿಲ್‌ನಲ್ಲಿ (ಸುಮಾರು 2,620 ಮೀ.) ಎರಡು ರಾತ್ರಿ ತಂಗಿ. ಈ ಮೂರು ರಾತ್ರಿಗಳು ದೇಹಕ್ಕೆ ಪಾಠ ಕಲಿಸುತ್ತವೆ. ನಡುವೆ ಒಂದೆರಡು ದಿನ ತಗ್ಗಿಗೆ ಇಳಿದರೂ ಕಲಿತದ್ದು ಪೂರ್ತಿ ಅಳಿಸಿಹೋಗುವುದಿಲ್ಲ. ಕೇದಾರದಲ್ಲಿ ತಂಗಲೇಬೇಕಿದ್ದರೆ ಒಂದೇ ರಾತ್ರಿ, ಅದೂ ಸಂಜೆ ಬೇಗ ತಲುಪಿ. ಬದರಿನಾಥ ಸುಮಾರು 3,100 ಮೀಟರ್. ಅದನ್ನು ಕೇದಾರಕ್ಕಿಂತ ಮೊದಲು ಮಾಡಿದರೆ ಎತ್ತರದ ಲೆಕ್ಕದಲ್ಲಿ ಇನ್ನೂ ಒಳ್ಳೆಯದು. ಆದರೆ ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ ಎಂಬ ಕ್ರಮವನ್ನು ಹಿರಿಯರು ಬಿಡಲೊಪ್ಪುವುದಿಲ್ಲ. ಅವರ ನಂಬಿಕೆಯನ್ನು ಕದಲಿಸದೆ ತಂಗುವ ಊರನ್ನಷ್ಟೇ ಬದಲಿಸಿದರೂ ಸಾಕಷ್ಟು ಲಾಭವಿದೆ.

‘ನಾವು ಮುಳ್ಳಯ್ಯನಗಿರಿ ಹತ್ತಿ ಅಭ್ಯಾಸ ಮಾಡಿದ್ದೇವೆ’ ಎಂದು ಹೇಳುವವರಿದ್ದಾರೆ. ಅದು ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟವೇ ಹೌದು, ಆದರೆ 1,930 ಮೀಟರ್ ಆಸುಪಾಸು. ತೊಂದರೆ ಸಾಮಾನ್ಯವಾಗಿ 2,500ರ ಮೇಲೆ ಶುರುವಾಗುವುದರಿಂದ ಕರ್ನಾಟಕದ ಯಾವ ಬೆಟ್ಟವೂ ಎತ್ತರದ ಅಭ್ಯಾಸ ಕೊಡಲಾರದು. ಕಾಲಿಗೆ, ಎದೆಗೆ ವ್ಯಾಯಾಮ ಆಗುತ್ತದೆ, ಅದು ಬೇಕೇ ಬೇಕು. ಹೊರಡುವ ಎರಡು ತಿಂಗಳ ಮುಂಚಿನಿಂದ ದಿನಕ್ಕೆ ನಾಲ್ಕೈದು ಕಿಲೋಮೀಟರ್ ನಡೆಯಲು ಹೇಳಿ. ಆದರೆ ಗಟ್ಟಿಮುಟ್ಟಾದವರಿಗೆ ಎತ್ತರದ ಕಾಯಿಲೆ ಬರುವುದಿಲ್ಲ ಎನ್ನುವುದು ಸುಳ್ಳು. ದಮ್ಮಿದೆ ಎಂದು ಓಡೋಡಿ ಹತ್ತುವ ಮೂವತ್ತರ ಹುಡುಗ, ಡೋಲಿಯಲ್ಲಿ ನಿಧಾನಕ್ಕೆ ಬಂದ ಅಜ್ಜಿಗಿಂತ ಬೇಗ ಕಾಯಿಲೆ ಬೀಳಬಹುದು.

ಕರ್ಪೂರದ ವಿಷಯ. ಮೂಸಿದಾಗ ಮೂಗಿನ ಒಳಗೆ ತಂಪು ತಾಗಿ ಗಾಳಿ ಹೆಚ್ಚು ಬಂದಂತೆ ಅನಿಸುತ್ತದೆ. ರಕ್ತದ ಆಮ್ಲಜನಕ ಒಂದಿಷ್ಟೂ ಏರುವುದಿಲ್ಲ. ಕೊರಳಿಗೆ ಗಂಟು ಕಟ್ಟಿಕೊಂಡರೆ ಹಾನಿಯಿಲ್ಲ, ಮನಸ್ಸಿಗೆ ಧೈರ್ಯ ಬರುತ್ತದೆಂದರೆ ಕಟ್ಟಿಕೊಳ್ಳಲಿ. ಆದರೆ ‘ಕರ್ಪೂರ ಇದೆ, ಏನೂ ಆಗಲ್ಲ’ ಎಂದು ಕೆಟ್ಟ ಲಕ್ಷಣವನ್ನು ಮುಚ್ಚಿಟ್ಟರೆ ಹಾನಿ. ಬಾಯಿಗೆ ಹಾಕಿಕೊಳ್ಳಲು ಮಾತ್ರ ಬಿಡಬೇಡಿ, ಪೂಜೆಯ ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ, ಮಕ್ಕಳಿಗಂತೂ ಸ್ವಲ್ಪವೇ ಸಾಕು. ಬೆಳ್ಳುಳ್ಳಿ, ಶುಂಠಿ ಕಷಾಯ ಕುಡಿದರೆ ಬಿಸಿನೀರು ಹೊಟ್ಟೆಗೆ ಹೋಯಿತೆಂಬ ಲಾಭ ಉಂಟು, ಅಷ್ಟೇ.

ಆಕ್ಸಿಜನ್ ಕ್ಯಾನ್‌ಗೆ ಒಂದು ಸರಳ ಲೆಕ್ಕ ಹಾಕಿ. ಹತ್ತು ಲೀಟರ್ ಎಂದು ಬರೆದ ಕ್ಯಾನ್ ಅನ್ನು ನಿಮಿಷಕ್ಕೆ ಎರಡು ಲೀಟರ್‌ನಂತೆ ಬಿಟ್ಟರೆ ಐದೇ ನಿಮಿಷ. ಕಾಯಿಲೆ ಬಿದ್ದವರಿಗೆ ಇಳಿಯುವವರೆಗೆ ಗಂಟೆಗಟ್ಟಲೆ ನಿಮಿಷಕ್ಕೆ ಎರಡರಿಂದ ನಾಲ್ಕು ಲೀಟರ್ ಬೇಕು. 35 ಜನರಿಗೆ 35 ಕ್ಯಾನ್ ಹೊರುವ ದುಡ್ಡಿನಲ್ಲಿ ಒಳ್ಳೆಯ ಪಲ್ಸ್ ಆಕ್ಸಿಮೀಟರ್ ಎರಡು, ಬಿ.ಪಿ. ಯಂತ್ರ ಒಂದು, ಸಕ್ಕರೆ ನೋಡುವ ಗ್ಲುಕೋಮೀಟರ್ ಒಂದು ಕೊಳ್ಳಬಹುದು.

ಈಗ ಡೈಮಾಕ್ಸ್. ಹೆಸರು ಅಸಿಟಜೋಲಮೈಡ್. ಮೂತ್ರಪಿಂಡ ಎರಡು ಮೂರು ದಿನದಲ್ಲಿ ಮಾಡುವ ಕೆಲಸವನ್ನು ಇದು ಬೇಗ ಮಾಡಿಸುತ್ತದೆ, ಹೀಗಾಗಿ ರಾತ್ರಿಯ ಉಸಿರು ಸುಧಾರಿಸುತ್ತದೆ. ಒಳ್ಳೆಯ ಔಷಧಿ, ಸಾಕ್ಷ್ಯವಿರುವ ಔಷಧಿ. ತಡೆಗಟ್ಟಲು ದೊಡ್ಡವರಿಗೆ 125 ಮಿಲಿಗ್ರಾಂ, ಅಂದರೆ 250ರ ಮಾತ್ರೆಯಲ್ಲಿ ಅರ್ಧ, ದಿನಕ್ಕೆರಡು ಸಲ. ಏರುವ ಹಿಂದಿನ ದಿನ ಶುರುಮಾಡಿ, ಇಳಿಯಲು ಆರಂಭಿಸಿದಾಗ ನಿಲ್ಲಿಸುವುದು. ಬೆರಳ ತುದಿ, ತುಟಿ ಜುಮುಗುಡುತ್ತದೆ, ಮೂತ್ರ ಹೆಚ್ಚಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ‘ಪಾರ್ಶ್ವವಾಯು ಬಂತು’ ಎಂದು ಹೆದರುವವರಿದ್ದಾರೆ.

ಆದರೆ ನೀವು ಎಲ್ಲರಿಗೂ ಹಂಚಬೇಡಿ. ಇದು ವೈದ್ಯರ ಚೀಟಿಯ ಮೇಲೆ ಕೊಡುವ ಔಷಧಿ. ಸಲ್ಫಾ ಔಷಧಿಗೆ ಹಿಂದೆ ಮೈಯೆಲ್ಲ ಗುಳ್ಳೆ ಎದ್ದವರು, ಉಸಿರು ಕಟ್ಟಿದವರು, ಮೂತ್ರಪಿಂಡ ಅಥವಾ ಯಕೃತ್ತಿನ ಗಂಭೀರ ಕಾಯಿಲೆ ಇರುವವರು ತೆಗೆದುಕೊಳ್ಳಬಾರದು. ಬಿ.ಪಿ.ಗೆಂದು ಈಗಾಗಲೇ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಪೊಟ್ಯಾಸಿಯಂ ಇಳಿದು ತಲೆಸುತ್ತು ಬರಬಹುದು. ಬಹುಪಾಲು ಅರವತ್ತು ದಾಟಿದವರೇ ಇರುವ 35 ಜನರಲ್ಲಿ ಇಂಥವರು ಇದ್ದೇ ಇರುತ್ತಾರೆ. ಸರಿಯಾದ ದಾರಿ: ಹೊರಡುವ ಒಂದು ತಿಂಗಳ ಮುಂಚೆ ಎಲ್ಲರಿಗೂ ಒಂದು ಹಾಳೆ ಕೊಡಿ. ದಿನಚರಿ, ಪ್ರತಿ ರಾತ್ರಿಯ ಎತ್ತರ ಅದರಲ್ಲಿರಲಿ. ಅವರವರ ವೈದ್ಯರ ಬಳಿ ಒಯ್ದು ‘ಈ ಎತ್ತರಕ್ಕೆ ಹೋಗುತ್ತಿದ್ದೇನೆ, ಡೈಮಾಕ್ಸ್ ಬೇಕೇ, ನನ್ನ ಮಾತ್ರೆಗಳ ಜೊತೆ ಆಗುತ್ತದೆಯೇ’ ಎಂದು ಬರೆಸಿಕೊಂಡು ಬರಲಿ. ಇತ್ತೀಚೆಗೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಎರಡು ಮಹಡಿ ಮೆಟ್ಟಿಲಿಗೇ ಎದೆ ಹಿಡಿಯುವವರು, ಆಸ್ತಮಾ ಹತೋಟಿಯಲ್ಲಿ ಇಲ್ಲದವರು ಹೃದಯ ಅಥವಾ ಶ್ವಾಸಕೋಶದ ತಜ್ಞರ ಒಪ್ಪಿಗೆಯಿಲ್ಲದೆ ಬಸ್ ಹತ್ತಬಾರದು.

ಮಾಲೀಕರ ಹೆಲಿಕಾಪ್ಟರ್ ಯೋಚನೆಗೆ ನನ್ನ ಸಲಹೆ ಸ್ಪಷ್ಟ: ಹೆಲಿಯಲ್ಲಿ ಹೋಗುವುದಾದರೆ ಅದೇ ದಿನ ವಾಪಸ್ ಬನ್ನಿ, ಮೇಲೆ ಉಳಿಸಬೇಡಿ. ಎತ್ತರದ ತಲೆನೋವು ಸಾಮಾನ್ಯವಾಗಿ ತಲುಪಿದ ಆರರಿಂದ ಹನ್ನೆರಡು ಗಂಟೆಯಲ್ಲಿ ಹತ್ತುತ್ತದೆ. ಮೂರ್ನಾಲ್ಕು ಗಂಟೆಯಲ್ಲಿ ದರ್ಶನ ಮುಗಿಸಿ ಇಳಿದವರು ಬಹುಪಾಲು ಪಾರು. ನಡೆದು ಹೋದವರಿಗೆ 16 ಕಿಲೋಮೀಟರ್ ದಾರಿಯಲ್ಲಿ ಒಂದಿಡೀ ಹಗಲು ಸಿಗುತ್ತದೆ, ಹೆಲಿಯವರಿಗೆ ಕೆಲವೇ ನಿಮಿಷ. ಅವರನ್ನು ಅದೇ ರಾತ್ರಿ ಅಲ್ಲಿ ಮಲಗಿಸುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಾಪಸ್ ಟಿಕೆಟ್ ಇದ್ದರೂ ಒಂದು ಎಚ್ಚರ: ಮಧ್ಯಾಹ್ನದ ಮೇಲೆ ಮೋಡ ಕವಿದು ಹಾರಾಟ ನಿಂತರೆ ಬೇಡವೆಂದರೂ ಮೇಲೆಯೇ ಉಳಿಯಬೇಕಾಗುತ್ತದೆ. ಹೆಲಿಯಲ್ಲಿ ತೂಕದ ಮಿತಿ ಇರುವುದರಿಂದ ಜನ ಬ್ಯಾಗನ್ನೆಲ್ಲ ಕೆಳಗೆ ಬಿಟ್ಟು, ಬಿ.ಪಿ. ಮಾತ್ರೆ, ಇನ್ಸುಲಿನ್, ಸ್ವೆಟರ್ ಕೂಡ ಬಿಟ್ಟು ಹೋಗುತ್ತಾರೆ. ಬೆಳಗಿನ ಸ್ಲಾಟ್ ಹಿಡಿಯಿರಿ. ಎರಡು ದಿನದ ಮಾತ್ರೆ, ಬೆಚ್ಚನೆಯ ಟೋಪಿ, ಒಂದು ಜೊತೆ ಒಣ ಕಾಲುಚೀಲ ಮೈಮೇಲೆಯೇ ಇರಲಿ. ಇನ್ಸುಲಿನ್ ಒಳಜೇಬಿನಲ್ಲಿ, ಮೈಯ ಬಿಸಿಗೆ ತಾಗಿ ಇರಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು.

ಇನ್ನು ಕೇದಾರದ ರಾತ್ರಿ. ‘ಎಲ್ಲರೂ ಆರಾಮಾ?’ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಎಲ್ಲರೂ ‘ಆರಾಮ್ ಇದ್ದೀವಿ’ ಎಂದೇ ಹೇಳುತ್ತಾರೆ. ಜೀವಮಾನದಲ್ಲಿ ಒಮ್ಮೆ ಬಂದವರಿಗೆ ಬೆಳಗಿನ ದರ್ಶನ ತಪ್ಪೀತು ಎಂಬ ಭಯ. ಕೇದಾರ ಪೀಠದ ನಂಟಿನಿಂದ ನಮ್ಮ ವೀರಶೈವ ಮನೆಗಳವರಿಗೆ, ಅಲ್ಲಿನ ರಾವಲರು (ಪ್ರಧಾನ ಅರ್ಚಕರು) ಪರಂಪರೆಯಿಂದ ಕರ್ನಾಟಕ ಮೂಲದವರೆಂಬ ಅಭಿಮಾನ ಇರುವವರಿಗೆ, ಈ ದರ್ಶನದ ತೂಕ ಎಷ್ಟೆಂದು ನಿಮಗೇ ಗೊತ್ತು. ಆದ್ದರಿಂದ ರಾತ್ರಿ ಎಂಟಕ್ಕೆ ಒಂದೊಂದು ಕೋಣೆಗೂ ಹೋಗಿ ಬೇರೆ ಪ್ರಶ್ನೆ ಕೇಳಿ. ಊಟಕ್ಕೆ ಏನು ತಿಂದಿರಿ, ಎಷ್ಟು? ತಲೆನೋವಿಗೆ ಮಾತ್ರೆ ತೆಗೆದುಕೊಂಡಿರಾ? ಮಧ್ಯಾಹ್ನದಿಂದ ಎಷ್ಟು ಸಲ ಮೂತ್ರಕ್ಕೆ ಹೋದಿರಿ? ಆಮೇಲೆ ‘ಎದ್ದು ಬಾಗಿಲ ತನಕ ಹೋಗಿ ಬನ್ನಿ ಅಮ್ಮಾ’ ಎನ್ನಿ. ಕೂತಲ್ಲಿ ಚೆನ್ನಾಗಿ ಮಾತಾಡುವವರು ನಾಲ್ಕು ಹೆಜ್ಜೆಗೆ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಹೆಬ್ಬೆರಳಿಗೆ ತಾಗಿಸಿ ಹತ್ತು ಹೆಜ್ಜೆ ನೇರ ನಡೆಸುವುದು ಒಳ್ಳೆಯ ಪರೀಕ್ಷೆ. ಮೊಣಕಾಲು ನೋವಿನವರು ಊರಿನಲ್ಲೇ ಹಾಗೆ ನಡೆಯಲಾರರು, ಹಾಗಾಗಿ ಇದೇ ಪರೀಕ್ಷೆಯನ್ನು ಗುಪ್ತಕಾಶಿಯಲ್ಲಿ ಒಮ್ಮೆ ಮಾಡಿ ಬರೆದಿಟ್ಟುಕೊಳ್ಳಿ, ಹೋಲಿಸಲು ಆಗುತ್ತದೆ.

ಆಕ್ಸಿಮೀಟರ್ ಸಂಖ್ಯೆಗೆ ಬೆದರಬೇಡಿ. ಕೇದಾರದಲ್ಲಿ ಆರೋಗ್ಯವಂತರಿಗೂ 85ರಿಂದ 92 ಬರುವುದು ಸಾಮಾನ್ಯ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಕೈ ಉಜ್ಜಿ ಬಿಸಿ ಮಾಡಿ, ಒಂದು ನಿಮಿಷ ಕಾದು ನೋಡಿ. ಗುಂಪಿನಲ್ಲಿ ಎಲ್ಲರೂ 88 ಇರುವಾಗ ಒಬ್ಬರೇ 74 ಇದ್ದರೆ, ಅವರು ಏನೇ ಹೇಳಲಿ, ವೈದ್ಯರ ಬಳಿ ಕರೆದೊಯ್ಯಿರಿ.

ತಲೆನೋವು, ಓಕರಿಕೆ, ಸುಸ್ತು ಇಷ್ಟೇ ಇದ್ದರೆ ಇನ್ನು ಮೇಲೆ ಹತ್ತುವುದು ಬೇಡ, ವಿಶ್ರಾಂತಿ, 500 ಅಥವಾ 650ರ ಪ್ಯಾರಸಿಟಮಾಲ್ ಒಂದು, ಬಿಸಿನೀರು, ಗಂಜಿ. ಎರಡು ಗಂಟೆಗೊಮ್ಮೆ ಎಬ್ಬಿಸಿ ನೋಡಿ. ನಿದ್ದೆ ಮಾತ್ರೆ ಬೇಡವೇ ಬೇಡ, ಅದು ಉಸಿರನ್ನು ಇನ್ನೂ ಇಳಿಸುತ್ತದೆ. ಕೆಳಗಿನವುಗಳಲ್ಲಿ ಒಂದಿದ್ದರೂ ಇಳಿಸಲೇಬೇಕು: ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡಿಗೆಯಲ್ಲಿ ಓಲಾಟ, ಮಾತು ತಡವರಿಸುವುದು, ಗೊಂದಲ, ಎಬ್ಬಿಸಿದರೂ ಮಂಪರು. ಮೊದಲನೆಯದು ಶ್ವಾಸಕೋಶದಲ್ಲಿ ನೀರು ತುಂಬುವ ಸೂಚನೆ, ಇದು ತಲೆನೋವಿಲ್ಲದೆಯೂ ಬರುತ್ತದೆ. ಕತ್ತಲಲ್ಲಿ ಇಳಿಸಲಾಗದಿದ್ದರೆ ಯಾತ್ರೆಯ ಕಾಲದಲ್ಲಿ ಕೇದಾರದಲ್ಲೇ ಇರುವ ಸರ್ಕಾರಿ ಚಿಕಿತ್ಸಾ ಕೇಂದ್ರಕ್ಕೆ ಒಯ್ದು ಆಮ್ಲಜನಕದಲ್ಲಿ ಇಡಿ, ಬೆಳಕಾದ ಕೂಡಲೇ ಇಳಿಸಿ. ಹಗಲಲ್ಲೇ ಆ ಕೇಂದ್ರದ ಬಾಗಿಲು ಎಲ್ಲಿದೆ ಎಂದು ಕಾಲಿಂದ ನಡೆದು ನೋಡಿಕೊಂಡಿರಿ. ಇಳಿಸುವಾಗ ಅವರು ನಡೆಯಬಾರದು, ಡೋಲಿಯೇ ಆಗಬೇಕು. ಸಾಮಾನ್ಯವಾಗಿ 300ರಿಂದ 1,000 ಮೀಟರ್ ಇಳಿದರೆ ಬದಲಾವಣೆ ಕಾಣುತ್ತದೆ. ಗೌರಿಕುಂಡ ಸುಮಾರು 1,600 ಮೀಟರ್ ತಗ್ಗಿನಲ್ಲಿದೆ. ಸುಧಾರಿಸಿದರೂ ಕೆಳಗೆ ವೈದ್ಯರಿಗೆ ತೋರಿಸದೆ ಬಿಡಬೇಡಿ, ಆಂಬುಲೆನ್ಸ್‌ಗೆ ಅಲ್ಲೂ 108.

ಎಲ್ಲ ತಲೆನೋವೂ ಎತ್ತರದ್ದಲ್ಲ ಎಂಬುದನ್ನೂ ನೆನಪಿಡಿ. ಒಂದೇ ಕೋಣೆಯ ಮೂರು ನಾಲ್ಕು ಜನಕ್ಕೆ ಒಟ್ಟಿಗೆ ತಲೆನೋವು, ವಾಂತಿ ಬಂದರೆ ಮೊದಲು ಒಳಗೆ ಇದ್ದಿಲ ಅಗ್ಗಿಷ್ಟಿಕೆ ಇದೆಯೇ ನೋಡಿ. ಬಾಗಿಲು ಮುಚ್ಚಿ ಇದ್ದಿಲು ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಆಗ ಆಕ್ಸಿಮೀಟರ್ ಎಲ್ಲ ಸರಿಯಿದೆ ಎಂಬಂತೆ ತೋರಿಸಿ ಮೋಸ ಮಾಡುತ್ತದೆ. ತಕ್ಷಣ ಎಲ್ಲರನ್ನೂ ಹೊರಗೆ ತನ್ನಿ. ಸಕ್ಕರೆ ಕಾಯಿಲೆಯವರು ಸೋಮವಾರದ ಉಪವಾಸವೆಂದು ಊಟ ಬಿಟ್ಟು ಮಾತ್ರೆ ಮಾತ್ರ ನುಂಗಿದರೆ ಬೆವರು, ನಡುಕ, ಗೊಂದಲ ಬರುತ್ತದೆ, ನೋಡಲು ಎತ್ತರದ ಕಾಯಿಲೆಯಂತೆಯೇ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಇದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಎರಡು ದಿನ ರೈಲಿನಲ್ಲಿ ಕೂತು ಬಂದವರಿಗೆ ಒಂದೇ ಕಾಲು ಊದಿ ನೋಯುತ್ತಿದ್ದು ಉಸಿರು ಕಟ್ಟಿದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಶೌಚಾಲಯಕ್ಕೆ ಹೆದರಿ ಹೆಂಗಸರು ಬೆಳಗಿನಿಂದ ನೀರೇ ಕುಡಿದಿರುವುದಿಲ್ಲ, ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿ ಇದೆ ಎಂದು ನೀವೇ ಮೊದಲು ಹೇಳಿದರೆ ಅರ್ಧ ತಲೆನೋವು ಅಲ್ಲೇ ನಿಲ್ಲುತ್ತದೆ.

ಇಳಿಸುವ ತೀರ್ಮಾನ ಕೇದಾರದಲ್ಲಿ ಜಗಳವಾಗಬಾರದೆಂದರೆ ದಾವಣಗೆರೆಯಲ್ಲೇ ಒಪ್ಪಂದವಾಗಿರಬೇಕು. ಬುಕಿಂಗ್ ಫಾರಂನಲ್ಲಿ ‘ಆರೋಗ್ಯದ ಕಾರಣಕ್ಕೆ ಮ್ಯಾನೇಜರ್ ಇಳಿಯಲು ಹೇಳಿದರೆ ಇಳಿಯಬೇಕು, ಡೋಲಿಯ ಖರ್ಚು ಇಂಥವರದು’ ಎಂದು ಬರೆಸಿ, ಸಹಿ ಹಾಕಿಸಿ, ಮಗನಿಗೋ ಮಗಳಿಗೋ ಫೋನಿನಲ್ಲಿ ಓದಿ ಹೇಳಿ. ಇನ್ನೊಂದು, ಒಬ್ಬರನ್ನು ಇಳಿಸಲು ನೀವು ಹೊರಟರೆ ಉಳಿದ 34 ಜನ ಯಾರ ಕೈಯಲ್ಲಿ? ಅಡುಗೆ ತಂಡದಲ್ಲಿ ಒಬ್ಬರನ್ನು ಇದಕ್ಕೆಂದೇ ತಯಾರು ಮಾಡಿ, ಸೋನ್‌ಪ್ರಯಾಗ ಅಥವಾ ಗುಪ್ತಕಾಶಿಯಲ್ಲಿ ಆ ರಾತ್ರಿ ಒಂದು ಕೋಣೆ ಖಾಲಿ ಹಿಡಿದಿಡಿ. ಮಾಲೀಕರಿಗೆ ಇದು ದಂಡದ ಖರ್ಚು ಅನ್ನಿಸಬಹುದು. ಹೋಗಲು ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ‘ಬೆಳಗ್ಗೆ ನೋಡೋಣ’ ಎಂದು ಮಲಗಿಸುವುದು ನಿಲ್ಲಬೇಕಾದರೆ ಆ ಕೋಣೆ ಬೇಕು.

ಕೊನೆಗೆ ನಿಮ್ಮ ತಲೆನೋವು. ಹನ್ನೊಂದು ವರ್ಷದ ಅನುಭವ ದಾರಿಯನ್ನು ಕಲಿಸುತ್ತದೆ, ರಕ್ತಕ್ಕೆ ಎತ್ತರವನ್ನು ಕಲಿಸಿ ಇಡುವುದಿಲ್ಲ. ಗಳಿಸಿದ ಅಭ್ಯಾಸ ಕೆಳಗಿಳಿದ ಕೆಲವೇ ವಾರಗಳಲ್ಲಿ ಕಳೆದುಹೋಗುತ್ತದೆ. ಸೆಪ್ಟೆಂಬರ್‌ನ ಮೊದಲ ಟ್ರಿಪ್‌ಗೆ ನೀವೂ ಹೊಸಬರೇ, ಹಿಂದೆ ಏನೂ ಆಗಿಲ್ಲ ಎಂಬುದು ಮುಂದಕ್ಕೆ ಖಾತ್ರಿಯಲ್ಲ. ಆದರೆ ಹರಿದ್ವಾರದಲ್ಲೂ ಬಿಡದ ತಲೆನೋವು ಎತ್ತರದ್ದಲ್ಲ. ನೀವು ದಿನಾ ನುಂಗುವ ಮಾತ್ರೆಯ ಮೇಲೇ ನನಗೆ ಅನುಮಾನ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಎರಡು ಮೂರು ಔಷಧಿ ಸೇರಿಸಿದ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಿಸುತ್ತದೆ. ಐಬುಪ್ರೊಫೆನ್ ಸೇರಿದ್ದರೆ ಹೊಟ್ಟೆಹುಣ್ಣು, ಬಿ.ಪಿ. ಏರಿಕೆ, ಮೂತ್ರಪಿಂಡಕ್ಕೆ ಪೆಟ್ಟು, ಎಲ್ಲವೂ ಹಿಂದೆಯೇ ಬರುತ್ತವೆ. ಸೀಸನ್ ಮುಗಿದ ವಾರವೇ ವೈದ್ಯರನ್ನು ಕಂಡು ಬಿ.ಪಿ., ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ), ಕಣ್ಣು ತೋರಿಸಿ. ಮಾತ್ರೆ ನಿಲ್ಲಿಸಿದಾಗ ಮೊದಲ ಒಂದೆರಡು ವಾರ ನೋವು ಹೆಚ್ಚಾಗಬಹುದು, ಆದ್ದರಿಂದ ಟ್ರಿಪ್ ನಡುವೆ ಬೇಡ, ಮನೆಯಲ್ಲಿರುವಾಗ ನಿಲ್ಲಿಸಿ. ನಾಲ್ಕು ಗಂಟೆ ನಿದ್ದೆಯಲ್ಲಿ ದಿನ ದೂಡುವವರಲ್ಲಿ ನೀವೂ ಒಬ್ಬರಾಗಿದ್ದರೆ, ಎರಡು ಟ್ರಿಪ್‌ಗಳ ನಡುವೆ ಕನಿಷ್ಠ ಐದು ದಿನ ಊರಿನಲ್ಲಿ ಇರುವಂತೆ ಮಾಲೀಕರ ಹತ್ತಿರ ಮಾತಾಡಿ. ರಾತ್ರಿ ಎಂಟರ ಸುತ್ತಿನಲ್ಲಿ ಆ ಅಮ್ಮನ ಹೆಜ್ಜೆ ತಪ್ಪುವುದನ್ನು ಕಾಣಬೇಕಾದ ಕಣ್ಣು ನಿಮ್ಮದೇ.